ಬದನಿಕೆಗೆ ಕ್ಷೌರ ಮಾಡಿದ ಕೆಂದಳಿಲು

ಒಂದು ಕಾಡಿನಲ್ಲಿ ಒಬ್ಬ ಮಹಾ ಬುದ್ಧಿವಂತನಿದ್ದ. ಅವನಂಥ ಜಾಣ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಬೇಡ. ಯಾರು ಅಂತೀರಾ ಮಕ್ಕಳೇ? ನಾನೇ! ಟೊಂಗೆಪ್ಪ ಎಂಬ ಕೆಂದಳಿಲು. ಮೈ ಬೆಕ್ಕಿನಷ್ಟು, ಬಾಲ ಅದಕ್ಕಿಂತ ಉದ್ದ. ಬುದ್ಧಿ ಎಷ್ಟಿತ್ತು ಅಂತ ಕಥೆ ಕೇಳಿ ನೀವೇ ಹೇಳಿ.

ನಮ್ಮ ಮನೆತನದ ಕಸುಬು ಮರಕ್ಕೆ ವೈದ್ಯ ಮಾಡುವುದು. ಯಾರ ಮರಕ್ಕೆ ಏನೇ ಆದರೂ "ಪಂಡಿತರೇ" ಅಂತ ನಮಗೇ ಕರೆ ಬರುತ್ತಿತ್ತು. ಸುಲಭದ ಕೆಲಸ ಅಂದುಕೊಳ್ಳಬೇಡಿ. ಇಬ್ಬನಿ ಆರುವವರೆಗೆ ಕೊಂಬೆಗೆ ಕಾಲಿಡುವ ಹಾಗಿಲ್ಲ, ತೊಗಟೆ ಜಾರುತ್ತದೆ. ಕೆಂಪಿರುವೆ ಗೂಡು ಎಲ್ಲಿದೆ, ಹೆಜ್ಜೇನು ಎಲ್ಲಿ ಕಟ್ಟಿದೆ ಅಂತ ಮೊದಲೇ ನೋಡಿಕೊಳ್ಳಬೇಕು. ಕೊಂಬೆಗೆ ತಟ್ಟಿ ಕಿವಿ ಇಡಬೇಕು. ಟಕ್ ಅಂದರೆ ಗಟ್ಟಿ, ಡಬ್ ಅಂದರೆ ಟೊಳ್ಳು. ಆಮೇಲೆ ಹಿಂಗಾಲಲ್ಲಿ ತಲೆಕೆಳಗಾಗಿ ನೇತಾಡುತ್ತ ಒಣಗಿದ್ದನ್ನೆಲ್ಲ ಹಲ್ಲಿನಲ್ಲಿ ಕಡಿದು ಬೀಳಿಸಬೇಕು. ಕಣ್ಣಿಗೆ ಹೊಟ್ಟು, ಮೂಗಿಗೆ ಅಂಟು. ಪ್ರತಿಫಲ ಅಂದರೆ ಆ ಮರದ ಹಣ್ಣು, ಹೊಟ್ಟೆ ಬಿರಿಯುವಷ್ಟು. ನನ್ನ ಹೊಟ್ಟೆ ಬಿರಿಯುವುದಕ್ಕೆ ಬಹಳ ಹಣ್ಣು ಬೇಕಿತ್ತು.

ಕೆಲಸಗಳಲ್ಲೆಲ್ಲ ದೊಡ್ಡದು ಬದನಿಕೆ ತೆಗೆಯುವುದು. ಕೆಲವರು ಅದನ್ನು ಬಂದಳಿಕೆ ಅನ್ನುತ್ತಾರೆ. ಅದಕ್ಕೆ ಸ್ವಂತದ ಬುಡವಿಲ್ಲ. ಇನ್ನೊಂದು ಮರದ ಕೊಂಬೆಯೊಳಗೆ ಬೇರಿಳಿಸಿ, ಆ ಮರದ ರಸ ಕುಡಿದು ಕೊಬ್ಬುತ್ತದೆ. ಅದು ಕೊಬ್ಬಿದಷ್ಟೂ ಕೊಂಬೆ ಸೊರಗುತ್ತದೆ. ನನ್ನ ಅಜ್ಜ ಹೇಳಿಕೊಟ್ಟಿದ್ದು ಒಂದೇ ಮಾತು: "ಮಗಾ, ಎಲೆ ಕಿತ್ತರೆ ಬದನಿಕೆ ಹೋಗಲ್ಲ. ಅದು ಕಚ್ಚಿಕೊಂಡಿರೋ ಗಂಟಿನಿಂದ ಒಂದು ಗೇಣು ಈಚೆಗೆ, ಬುಡದ ಕಡೆ, ಕೊಂಬೆಯನ್ನೇ ಕಡಿ."

ಅಜ್ಜ ಇರುವವರೆಗೆ ಹಾಗೇ ಕಡಿದೆ. ಅಜ್ಜ ಹೋದ ಮೇಲೆ ನನ್ನ ಬುದ್ಧಿ ಚಿಗುರಿತು. ಗೇಣು ಬಿಟ್ಟು ಕಡಿಯುವುದಕ್ಕೆ ಅರ್ಧ ದಿನ ಬೇಕು, ದವಡೆ ನೋಯುತ್ತದೆ. ಅಷ್ಟು ಕಷ್ಟಪಟ್ಟು ಕಡಿದರೆ ಆಗುವುದೇನು? ರೋಗ ಹೋಗುತ್ತದೆ! ರೋಗ ಹೋದರೆ ನನ್ನನ್ನು ಕರೆಯುವವರು ಯಾರು? ಎಂಥ ಪೆದ್ದ ನಮ್ಮಜ್ಜ, ಅಂದುಕೊಂಡೆ.

ಅವತ್ತಿನಿಂದ ನಾನು ಬದನಿಕೆಗೆ ಕ್ಷೌರ ಮಾಡತೊಡಗಿದೆ. ಮೇಲಿನ ಸೊಪ್ಪನ್ನು ಪರಪರ ಕಿತ್ತು ಕೆಳಗೆ ಸುರಿಯುವುದು, ಗಂಟನ್ನು ಮುಟ್ಟದೆ ಬಿಡುವುದು. ನೆಲದ ತುಂಬ ಸೊಪ್ಪು ಬಿದ್ದದ್ದು ನೋಡಿ ಎಲ್ಲರಿಗೂ ಖುಷಿ. ಮಾರನೆಯ ವರ್ಷ ಬದನಿಕೆ ಮತ್ತೆ ಚಿಗುರುತ್ತಿತ್ತು, ನನಗೆ ಮತ್ತೆ ಕರೆ ಬರುತ್ತಿತ್ತು. ನಾನು ಮುಖ ಸಿಂಡರಿಸಿಕೊಂಡು, "ಥೂ, ಎಂಥ ಹಠಮಾರಿ ರೋಗ!" ಅನ್ನುತ್ತಿದ್ದೆ. ನಾಚಿಕೆ ಅನ್ನುವುದು ನನ್ನ ಬಾಲದ ತುದಿಯಲ್ಲೂ ಇರಲಿಲ್ಲ.

ಆ ಕಾಡಿನ ಹಳೆಯ ಮಾವಿನ ಮರದಲ್ಲಿ ಒಂದು ಮಂಗಟ್ಟೆ ಜೋಡಿ ಇತ್ತು. ಮಂಗಟ್ಟೆ ಗೊತ್ತಲ್ಲ, ದೊಡ್ಡ ಕೊಕ್ಕಿನ ಹಕ್ಕಿ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಗಂಡು ಆ ಸೀಳಿನಿಂದಲೇ ಹಣ್ಣು ಕೊಟ್ಟು ಸಾಕಬೇಕು. ಒಳಗಿರುವವಳು ರೆಕ್ಕೆಯ ಗರಿಯನ್ನೂ ಉದುರಿಸಿಕೊಂಡಿರುತ್ತಾಳೆ, ಏನೇ ಆದರೂ ಹಾರಿ ಪಾರಾಗಲಾರಳು. ಇವರ ಪೊಟರೆಯ ನೆತ್ತಿಯ ಮೇಲಿನ ಕೊಂಬೆಗೇ ಬದನಿಕೆ ಹತ್ತಿತ್ತು. ಮೂರು ವರ್ಷ, ಅವಳು ಒಳಗೆ ಕೂತ ಮೇಲೆ ನಾನು ಹೋಗಿ ಕ್ಷೌರ ಮಾಡಿ ಬಂದಿದ್ದೆ.

ನಾಲ್ಕನೆಯ ವರ್ಷ ಬಿರುಬೇಸಗೆಯ ಒಂದು ಮಧ್ಯಾಹ್ನ ಮತ್ತೆ ಹೋದೆ. ಗಂಡು ಮಂಗಟ್ಟೆ ಕಳವಳದಲ್ಲಿತ್ತು.

"ಟೊಂಗೆಪ್ಪನವರೇ, ಮೂರು ವರ್ಷದಿಂದ ತೆಗೀತಾ ಇದೀರಿ. ಆದರೂ ಈ ಕೊಂಬೆ ಒಣಗ್ತಾನೇ ಇದೆ. ಇದು ತಾನಾಗಿ ಮುರಿದರೆ ಪೊಟರೆವರೆಗೂ ಸಿಗಿದುಕೊಂಡು ಬರುತ್ತೆ. ನನ್ನವಳು ಒಳಗಿದ್ದಾಳೆ, ಮೊಟ್ಟೆ ಒಡೆದು ಮರಿ ಬೇರೆ ಬಂದಿದೆ."

"ಅಯ್ಯೋ, ನಾನಿಲ್ವೇ? ನನ್ನ ಕೈ ಬಿದ್ದ ಮೇಲೆ ಯಾವ ಕೊಂಬೆ ಮುರಿದಿದೆ ಹೇಳಿ!" ಅಂದೆ. ಎದೆ ಸೆಟೆಸಿಕೊಂಡೇ ಅಂದೆ.

ಅಷ್ಟರಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಹಕ್ಕಿಯೊಂದು ಚಿಕ್ ಚಿಕ್ ಅನ್ನುತ್ತ ಬಂದು ಕೂತಿತು. ಅದು ಬದನಿಕೆ ಹಕ್ಕಿ. ಬದನಿಕೆಯ ಹಣ್ಣು ತಿನ್ನುವುದು, ಅಂಟಂಟು ಬೀಜವನ್ನು ಕೊಂಬೆಗೆ ಒರೆಸುವುದು, ಅದರ ಜೀವನವೇ ಅಷ್ಟು. ಕಪಟ ಅನ್ನುವುದನ್ನೇ ಅರಿಯದ ಪ್ರಾಣಿ.

"ಟೊಂಗೆಪ್ಪಣ್ಣಾ! ಎಷ್ಟು ದಿನದಿಂದ ಹುಡುಕ್ತಿದ್ದೆ! ನಿನಗೊಂದು ನಮಸ್ಕಾರ ಹಾಕಬೇಕಿತ್ತು."

"ನನಗೆ ಯಾಕಮ್ಮ?"

"ನೀನು ಗಂಟು ಬಿಟ್ಟು ಬರೀ ಸೊಪ್ಪು ಕೀಳ್ತೀಯಲ್ಲ, ಅದಕ್ಕೇ! ನಿಮ್ಮಜ್ಜ ಇದ್ದಾಗ ನಾವು ಉಪವಾಸ ಬಿದ್ದಿದ್ವಿ. ಈಗ ಕಾಡಿನ ತುಂಬ ಬದನಿಕೆ, ವರ್ಷವೂ ಹಣ್ಣು. ನಿನ್ನ ಹೊಟ್ಟೆ ತಣ್ಣಗಿರಲಿ!"

"ಶ್... ಶ್..." ಅಂದೆ. ಅದಕ್ಕೆ ಕಣ್ಸನ್ನೆಯೂ ಅರ್ಥವಾಗಲಿಲ್ಲ.

"ಉಪಕಾರ ಮರೆಯೋರಲ್ಲ ಅಣ್ಣ ನಾವು. ಅದಕ್ಕೇ ನಿಮ್ಮ ಮತ್ತಿಮರಕ್ಕೂ ಬೀಜ ಒರೆಸಿ ಬಂದೆ. ಎಲ್ಲೋ ಮೂಲೆಗಲ್ಲ, ನಿಮ್ಮ ಗೂಡಿನ ಕೊಂಬೆಗೇ! ಎರಡು ವರ್ಷ ಆಯ್ತು, ಚೆನ್ನಾಗಿ ಬಂದಿದೆ ಅಲ್ವಾ?"

ಬದನಿಕೆ ಬಂದಿದೆ ಅಂತ ನನ್ನ ಹೆಂಡತಿ ಸಂಪಿಗೆ ಹೋದ ವರ್ಷವೇ ಹೇಳಿದ್ದಳು. ನಾನು ಅದನ್ನು ತೆಗೆದೂ ಇದ್ದೆ. ಹೇಗೆ ತೆಗೆದಿದ್ದೆ? ಅಭ್ಯಾಸಬಲ ನೋಡಿ, ಸೊಪ್ಪು ಕಿತ್ತು, ಗಂಟು ಬಿಟ್ಟು, "ಹಠಮಾರಿ ರೋಗ" ಅಂತ ನನ್ನ ಹೆಂಡತಿಗೇ ಹೇಳಿ, ಅವಳ ಕೈಯಿಂದಲೇ ಹಲಸಿನ ತೊಳೆ ತಿಂದಿದ್ದೆ. ಪರರಿಗೆ ಮೋಸ ಮಾಡುವವರು ಇರುತ್ತಾರೆ. ತನಗೇ ಮೋಸ ಮಾಡಿಕೊಂಡು ಬಹುಮಾನ ತಿಂದವನು ನಾನೊಬ್ಬನೇ ಇರಬೇಕು.

ಮಂಗಟ್ಟೆ ನನ್ನನ್ನೇ ನೋಡುತ್ತಿತ್ತು. ಬೈದಿದ್ದರೂ ಸಹಿಸಬಹುದಿತ್ತು. ಅಷ್ಟರಲ್ಲಿ ಬಡಗಣ ದಿಕ್ಕಿನಿಂದ ಗಾಳಿ ಎದ್ದಿತು. ಧೂಳು, ತರಗೆಲೆ, ಗುಡುಗು. "ಮಕ್ಕಳು!" ಅಂತ ಕೂಗಿ ನಾನು ಮತ್ತಿಮರದ ಕಡೆ ನೆಗೆದೆ.

ಕೊಂಬೆ ಕರಕರ ಅನ್ನುತ್ತಿತ್ತು. ನಾನು ಒಂದೇ ನೆಗೆತಕ್ಕೆ ಗೂಡಿನೊಳಗೆ ನುಗ್ಗಿ ಮರಿಗಳಿಗಾಗಿ ತಡಕಾಡಿದೆ. ಒಬ್ಬರೂ ಇಲ್ಲ! ಪಕ್ಕದ ಮರದ ಹಳೆಯ ಗೂಡಿನಿಂದ ಸಂಪಿಗೆಯ ದನಿ ಬಂತು.

"ರೀ! ಮಕ್ಕಳು ಇಲ್ಲಿದ್ದಾರೆ! ಬೆಳಿಗ್ಗೆಯೇ ಸಾಗಿಸಿದೆ!"

"ಯಾಕೇ? ನನಗೆ ಹೇಳಬಾರದಿತ್ತಾ?"

"ನಿಮ್ಮ ಕೆಲಸದ ಗುಣ ನನಗೆ ಗೊತ್ತಿಲ್ವಾ? ಮೊದಲು ಹೊರಗೆ ಬನ್ನಿ!"

ಬರಲಾಗಲಿಲ್ಲ. ಕೊಂಬೆ ಫಟ್ ಅಂತು. ಗೂಡು, ಬದನಿಕೆ, ಪಂಡಿತ ಮೂವರೂ ಒಟ್ಟಿಗೆ ಕೆಳಗೆ ಬಂದೆವು. ಹುಟ್ಟಿದಾಗಿನಿಂದ ನಾನು ನೆಲ ಮುಟ್ಟಿದವನಲ್ಲ, ಅದೇ ನನ್ನ ದೊಡ್ಡ ಜಂಬ. ಕಾಡುಹಂದಿ ಹೊರಳುವ ಕೆಸರುಗುಂಡಿಗೆ ಮೂಗು ಮುಂದಾಗಿ ಬಿದ್ದೆ. ಗುಂಡಿಯಲ್ಲಿ ಹಂದಿಯೂ ಇತ್ತು.

"ಓಹೋ, ಪಂಡಿತರು! ಬನ್ನಿ ಬನ್ನಿ, ಸ್ವಲ್ಪ ಸರಿದುಕೊಳ್ತೀನಿ," ಅಂತು ಅದು.

ಕಣ್ಣಿನ ಕೆಸರು ಒರೆಸಿಕೊಂಡು ಮೇಲೆ ನೋಡಿದೆ. ಮುರಿದ ಕೊಂಬೆ ಮತ್ತಿಮರದ ಕಾಂಡವನ್ನು ಉದ್ದಕ್ಕೆ ಸಿಗಿದುಕೊಂಡು ಬಂದಿತ್ತು. ಮಾವಿನ ಮರದಲ್ಲೂ ಹೀಗೇ ಆದರೆ ಪೊಟರೆ ಎರಡು ಹೋಳು. ನನ್ನ ಮಕ್ಕಳನ್ನು ಸಾಗಿಸಲು ಅವರಮ್ಮ ಇದ್ದಳು. ಬಾಗಿಲು ಮುಚ್ಚಿಕೊಂಡು ಕೂತ ಆ ತಾಯಿಯನ್ನು ಸಾಗಿಸುವವರು ಯಾರು? ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಕೆಸರು ಮೈಯಲ್ಲೇ ಓಡಿದೆ. ನೆಲದ ಮೇಲೆ ಓಡಲು ಬಾರದೆ ಎರಡು ಸಲ ಮುಗ್ಗರಿಸಿದೆ. ಮಾವಿನ ಮರ ಏರಿದಾಗ ಮಂಗಟ್ಟೆ ಸೀಳಿಗೆ ಮೈ ಅಡ್ಡ ಹಿಡಿದು ಕೂತಿತ್ತು.

"ಇವತ್ತಾದರೂ..." ಅಂತು ಅದು.

"ಇವತ್ತು ಸರಿಯಾಗಿ ಕಡಿತೀನಿ ಕಣಪ್ಪ," ಅಂದೆ.

ಅಜ್ಜ ಹೇಳಿದ ಹಾಗೆ ಗಂಟಿನಿಂದ ಒಂದು ಗೇಣು ಈಚೆಗೆ ಬಂದೆ. ಮೇಲಿನಿಂದ ಶುರು ಮಾಡಿದರೆ ಕೊಂಬೆ ಬೀಳುವಾಗ ತೊಗಟೆ ಸಿಗಿಯುತ್ತದೆ. ಅದಕ್ಕೇ ತಲೆಕೆಳಗಾಗಿ ನೇತಾಡುತ್ತ ಮೊದಲು ಕೆಳಗಿನಿಂದ ಕಡಿದೆ. ಗಾಳಿ ನನ್ನನ್ನು ಒಣಹಾಕಿದ ಬಟ್ಟೆಯಂತೆ ಬಡಿಯಿತು. ಆಮೇಲೆ ಮೇಲೆ ಹತ್ತಿ ಕಟಕಟ ಕಡಿದೆ. ಎಷ್ಟೋ ವರ್ಷ ಕೆಲಸವಿಲ್ಲದ ದವಡೆ ಬೆಂಕಿಯಾಯಿತು, ಮುಂದಿನ ಹಲ್ಲೊಂದು ಚೂರಾಯಿತು. ಕೊನೆಗೆ ಕೊಂಬೆ ಒಂದು ಚಕ್ಕೆಯನ್ನೂ ಸಿಗಿಯದೆ ಕಳಚಿಕೊಂಡು ಆಚೆ ಬದಿಗೆ ಬಿತ್ತು. ಅದರ ಬೆನ್ನಿಗೇ ಮಳೆ ಸುರಿಯಿತು. ಪೊಟರೆಯೊಳಗಿಂದ ಮರಿಯ ಕೀರಲು ದನಿ ಕೇಳಿ ನಾನು ಅಲ್ಲೇ ಕುಸಿದು ಕೂತೆ.

ಮಾರನೆಯ ದಿನದಿಂದ ಕಾಡಿನ ಒಂದೊಂದೇ ಮರಕ್ಕೆ ಹೋಗಿ ಹಳೆಯ ಗಂಟುಗಳನ್ನೆಲ್ಲ ಕಡಿದೆ. ಹಣ್ಣು ಕೇಳುವ ಮುಖವೆಲ್ಲಿತ್ತು? ಹೋದಲ್ಲೆಲ್ಲ ಮರದವರು ಬಂದು ಎದುರಿಗೇ ಕೂತು ನೋಡುತ್ತಿದ್ದರು. ಬದನಿಕೆ ಹಕ್ಕಿ ಮಾತ್ರ, "ಅಣ್ಣನಿಗೆ ಏನೋ ತಲೆ ಕೆಟ್ಟಿದೆ," ಅಂತ ಕೊರಗುತ್ತಿತ್ತು. ಅದಕ್ಕಾಗಿ ಕಾಡಂಚಿನ ಮೂರು ಮುಳ್ಳುಮರದ ಬದನಿಕೆಯನ್ನು ಮುಟ್ಟದೆ ಬಿಟ್ಟೆ.

ಕೆಲವು ವಾರಗಳ ಮೇಲೆ ಮಂಗಟ್ಟೆಯ ಹೆಂಡತಿ ಬಾಗಿಲು ಒಡೆದುಕೊಂಡು ಹೊರಗೆ ಬಂದಳು. ನೋಡಲು ನಾನೂ ಹೋಗಿದ್ದೆ, ಎಲೆಯ ಮರೆಯಲ್ಲಿ. ಅವಳು ಹೊಸ ರೆಕ್ಕೆ ಕೊಡವಿ, ಕಡಿದ ಕೊಂಬೆಯ ತುದಿಯನ್ನು ಕೊಕ್ಕಿನಿಂದ ಮುಟ್ಟಿ ನೋಡಿದಳು. ಆಮೇಲೆ ನೇರ ನನ್ನ ಕಡೆ ತಿರುಗಿದಳು.

"ಟೊಂಗೆಪ್ಪನವರೇ, ಆ ದಿನ ಮಳೆಗೆ ಮುಂಚೆ ಏನೋ ಕಟಕಟ ಅಂತಿತ್ತಲ್ಲ, ಅದು ನಿಮ್ಮ ಹಲ್ಲಿನ ಸದ್ದಾ?"

"ಹೌದು ತಾಯಿ."

"ನೀವು ಮೂರು ವರ್ಷ ಬಂದಿರಿ. ಒಳಗೆ ಕೂತ ನನಗೆ ಒಂದು ಸಲವೂ ಕಡಿಯುವ ಸದ್ದೇ ಕೇಳಿರಲಿಲ್ಲ. ಎಂಥ ಕೈಚಳಕ, ಎಷ್ಟು ನಾಜೂಕಿನ ಪಂಡಿತರು ಅಂತ ನಾನು ಮೂರು ವರ್ಷವೂ ಹೊಗಳಿದೆ."

ನೀತಿ: ನಾಳೆಯೂ ಕೆಲಸ ಸಿಗಲಿ ಅಂತ ರೋಗದ ಬುಡ ಉಳಿಸುವವನು ನಂಬಿದವರ ಮನೆಯನ್ನೂ ಕೆಡಿಸುತ್ತಾನೆ, ತನ್ನ ಮನೆಯನ್ನೂ ಕೆಡಿಸಿಕೊಳ್ಳುತ್ತಾನೆ; ಮಾಡುವ ಕೆಲಸವನ್ನು ಪೂರ್ತಿ ಮಾಡಬೇಕು.