ಮೂಲೆಯ ಗುಣಿಯ ಕರಬೂಜ

ಹೊಳೆ ದಂಡೆಯ ಆ ಮಠದಲ್ಲಿ ಪೂಜೆಗಿಂತ ಕರಬೂಜದ ಕೆಲಸವೇ ಹೆಚ್ಚು. ಗುರುಗಳಿಗೆ ಒಂದೇ ಹಟ. ಬೂದಿರೋಗಕ್ಕೆ ಬಗ್ಗದ ಒಂದು ಬಳ್ಳಿ ಬೇಕು.

ಶಿಷ್ಯ ಸೋಮಲಿಂಗನಿಗೆ ಇದು ಆರನೆಯ ಬೇಸಿಗೆ. ಗುಣಿ ತೋಡಿ, ನೀರು ಹೊತ್ತು, ಎಳೆ ಬಳ್ಳಿಗಳನ್ನು ಮಕ್ಕಳ ಹಾಗೆ ಸಾಕಬೇಕು. ಆಮೇಲೆ ರೋಗ ಹಿಡಿದ ಎಲೆ ತಂದು, ಅದರ ಬಿಳಿ ಪುಡಿಯನ್ನು ಕೈಯಾರೆ ಅವುಗಳ ಮೇಲೆ ಉದುರಿಸಬೇಕು. ಸಾಲದ್ದಕ್ಕೆ ಮೂರು ಸಾಲಿಗೊಂದು ಬಲವಿಲ್ಲದ ತಳಿಯ ಸಾಲು. ಗುರುಗಳು ಅದನ್ನು ಪುಕ್ಕಲು ಸಾಲು ಅನ್ನುತ್ತಿದ್ದರು. ಅದಕ್ಕೆ ಮೊದಲು ರೋಗ ಬರಲಿ, ಬಂದು ಸುತ್ತಲಿನವಕ್ಕೆಲ್ಲ ಹರಡಲಿ ಅಂತಲೇ ಹಾಕಿದ್ದು. ಇಷ್ಟಾದರೂ ಹಸಿರಾಗಿ ಉಳಿದದ್ದರ ಬೀಜ ಹಿಡಿಯಬೇಕು. ಐದು ವರ್ಷ ಒಂದೂ ಉಳಿದಿರಲಿಲ್ಲ. ಎಂಥ ಕರ್ಮ, ನೀವೇ ಹೇಳಿ!

ಈ ಸಲ, ಗಾಳಿ ಮೊದಲು ಬಡಿಯುವ ಮೂಲೆಯ ಗುಣಿಯಲ್ಲಿ, ಒಂದು ಬಳ್ಳಿ ಹಸಿರಾಗಿತ್ತು.

ಸೋಮಲಿಂಗ ಓಡಿಬಂದ. "ಬುದ್ಧೀ, ಸಿಕ್ಕಿತು! ದ್ಯಾಮಕ್ಕನಿಗೂ ಹೇಳಿಬಿಟ್ಟೆ, ಬರೋ ಬೇಸಿಗೆಗೆ ಬೀಜ ಕೊಡ್ತೀವಿ ಅಂತ."

ದ್ಯಾಮಕ್ಕ ಹೊಳೆಯ ಮರಳಲ್ಲಿ ಕರಬೂಜ ಬೆಳೆದು ಬದುಕುವವಳು. ಎರಡು ವರ್ಷದಿಂದ ಅವಳ ಬೆಳೆಯೆಲ್ಲ ಬೂದಿರೋಗಕ್ಕೆ ಹೋಗಿತ್ತು. ಇನ್ನೊಂದು ಸಲ ಹೋದರೆ ಅವಳ ಕಥೆ ಮುಗಿದ ಹಾಗೆ.

ಗುರುಗಳು ಕೋಲೂರಿಕೊಂಡು ಮೂಲೆಗೆ ಹೋದರು. ಬಳ್ಳಿಯನ್ನು ನೋಡಲಿಲ್ಲ. ಅದರ ಪಕ್ಕದ ಬರಿ ನೆಲ ನೋಡಿದರು.

"ಇಲ್ಲಿದ್ದ ಪುಕ್ಕಲು ಸಾಲು ಎಲ್ಲಿ?"

ಸೋಮಲಿಂಗ ತಲೆ ತಗ್ಗಿಸಿದ. "ಚುಕ್ಕೆ ಕಾಣುತ್ತಲೇ ಕಿತ್ತು ಹೊಳೆಗೆ ಹಾಕಿದೆ ಬುದ್ಧಿ. ದಿನಾ ಆ ಬೂದಿ ಮುಖ ನೋಡಿ ನೋಡಿ ಸಾಕಾಗಿತ್ತು."

"ಈ ಬಳ್ಳಿಗೆ ಪುಡಿ ಉದುರಿಸಿದ್ದೆಯಾ?"

"ಅವತ್ತು ಮೂಲೆಗೆ ಬರೋ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಪಕ್ಕದ ಸಾಲಿಂದ ತಾನಾಗೇ ಬರುತ್ತೆ ಅಂತ ಬಿಟ್ಟೆ."

ಗುರುಗಳು ಬೈಯಲಿಲ್ಲ. ಬೈದಿದ್ದರೆ ಪಾಪ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಬೇರೆ ಸಾಲಿನಿಂದ ಬೆಳ್ಳಗಾದ ಎಲೆಯೊಂದನ್ನು ಚಿವುಟಿ ಅವನ ಅಂಗೈಯಲ್ಲಿಟ್ಟರು.

"ಬೇಡ ಬುದ್ಧಿ, ನಿಮ್ಮ ಕಾಲಿಗೆ ಬೀಳ್ತೀನಿ. ಇದೊಂದನ್ನಾದರೂ ಬಿಟ್ಟುಬಿಡಿ. ನನಗೂ ಸಾಕಾಗಿದೆ, ನಿಮಗೂ ವಯಸ್ಸಾಯಿತು."

"ನಾನು ಮುಟ್ಟಲ್ಲಪ್ಪ. ಸವರೋದಾದರೆ ನೀನೇ ಸವರು. ಇಲ್ಲವಾ, ಹಣ್ಣಾದ ಮೇಲೆ ಬೀಜ ತೆಗೆದು ದ್ಯಾಮಕ್ಕನ ಮಡಿಲಿಗೆ ಹಾಕು. ನಾನು ಒಂದು ಮಾತೂ ಕೇಳಲ್ಲ."

ಅಷ್ಟು ಹೇಳಿ ಹೊರಟುಹೋದರು.

ಸೋಮಲಿಂಗ ಬಿಸಿಲಲ್ಲೇ ಬಹಳ ಹೊತ್ತು ಕೂತ. ಎಲೆ ಎಸೆದುಬಿಟ್ಟರೆ ಕೇಳುವವರಿಲ್ಲ. ಇನ್ನೊಂದು ಬೇಸಿಗೆ ನೀರು ಹೊರುವುದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು. ಕೊನೆಗೆ ಎದ್ದು, ಕಣ್ಣೊರೆಸಿಕೊಂಡು, ಒಂದೊಂದೇ ಎಲೆಗೆ ಸವರಿದ.

ಎಂಟನೆಯ ದಿನ ಬಳ್ಳಿಯ ಮೇಲೆ ಬಿಳಿ ಚುಕ್ಕೆ ಕಂಡವು. ಇನ್ನೆರಡು ದಿನಕ್ಕೆ ಅದೂ ಉಳಿದವುಗಳ ಹಾಗೇ ಬೂದಿ ಬಳಿದುಕೊಂಡಿತು.

ಅವತ್ತು ಸಂಜೆ ಗುರುಗಳು ಜಗಲಿಯಲ್ಲಿ ಕೂತಿದ್ದಾಗ ದ್ಯಾಮಕ್ಕ ಬಂದಳು. "ಸೋಮಲಿಂಗಣ್ಣ, ಬೀಜ ಕೊಡ್ತೀನಿ ಅಂದಿದ್ದೆಯಲ್ಲ, ನೆಚ್ಚಿಕೊಂಡಿರಲಾ?"

"ಇಲ್ಲ ಕಣಕ್ಕ. ಸರಿಯಾಗಿ ಪರೀಕ್ಷೆ ಮಾಡದೇ ಹೇಳಿಬಿಟ್ಟಿದ್ದೆ. ತಪ್ಪು ನನ್ನದೇ. ಅದಕ್ಕೂ ಬೂದಿ ಹಿಡೀತು."

ದ್ಯಾಮಕ್ಕ ಅವನ ಮುಖವನ್ನೇ ನೋಡಿದಳು. ಸೆರಗಿನಿಂದ ಬೆವರು ಒರೆಸಿಕೊಂಡಳು.

"ಹಂಗಾದ್ರೆ ಬರೋ ಬೇಸಿಗೆಗೆ ಕರಬೂಜ ಬಿಟ್ಟು ಅಲಸಂದೆ ಹಾಕ್ತೀನಿ ಬಿಡು," ಅಂದು ಹೊರಟಳು.

ಸೋಮಲಿಂಗ ಗುರುಗಳ ಪಕ್ಕ ಕುಸಿದು ಕೂತ. "ಆರು ಬೇಸಿಗೆ ದುಡಿದೆವು. ಒಂದು ಬಳ್ಳಿ ಇಲ್ಲ, ಒಂದು ಹಿಡಿ ಬೀಜ ಇಲ್ಲ. ನಾವು ಬೆಳೆದದ್ದಾದರೂ ಏನು ಬುದ್ಧಿ?"

ಗುರುಗಳು ದ್ಯಾಮಕ್ಕ ಹೋದ ದಾರಿ ನೋಡುತ್ತಿದ್ದರು.

"ನೀನು ಇಲ್ಲ ಅಂದೆ, ಅವಳು ನಂಬಿದಳು. ಅದನ್ನು ಬೆಳೆದೆವು."