ದಾರದ ದಿಬ್ಬ

ಮಾಲಗಟ್ಟಿಯ ಕೆರೆ ಏರಿಯ ಮೇಲೆ ನಿಂತು ಮೂಡಣಕ್ಕೆ ನೋಡಿದರೆ ಎರೆಮಣ್ಣಿನ ಒಂದು ದಿಬ್ಬ ಕಾಣುತ್ತದೆ. ನೆತ್ತಿಯ ಮೇಲೊಂದು ಜಾಲಿಗಿಡ, ಗಿಡದ ಮುಳ್ಳುಮುಳ್ಳಿಗೂ ಕೆಂಪು ದಾರ. ಪಕ್ಕದ ಹೊಸ ಫಲಕ ಜಗತ್ತಿಗೆಲ್ಲ ಮಾಲಗಟ್ಟಿ ಸವತೆಕಾಯಿಯ ಪರಿಚಯ ಮಾಡಿಕೊಡುತ್ತದೆ. ಈ ಸವತೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬೇಕೆಂದು ಊರಿನವರು ಅರ್ಜಿಯನ್ನೂ ಬರೆದಿದ್ದಾರೆ. ಮಣ್ಣಿನ ಗುಣ, ರುಚಿ, ಇತಿಹಾಸ, ಗ್ರಾಮದ ಸುಸ್ಥಿರ ಅಭಿವೃದ್ಧಿ, ಎಲ್ಲ ಕಲಮುಗಳೂ ತುಂಬಿವೆ. 'ಮಾದರಿ ಕಾಯಿ ಲಗತ್ತಿಸಿ' ಎಂಬಲ್ಲಿ ಮಾತ್ರ ಕೆಲಸ ನಿಂತಿದೆ.

ಹಿಂದೆ ಒಮ್ಮೆ ಈ ದಿಬ್ಬದ ಬುಡದಲ್ಲಿ ನಿಂಬೆವ್ವ ಎಂಬ ಮುದುಕಿಯ ಹೊಲವಿತ್ತು. ಊರಿನ ಬೀಜವೆಲ್ಲ ಅವಳದೇ. ಪ್ರತಿ ಬಳ್ಳಿಯಲ್ಲಿ ಮೊದಲು ಬಿಟ್ಟ ಕಾಯಿಯ ತೊಟ್ಟಿಗೆ ಅವಳು ಕೆಂಪು ದಾರ ಕಟ್ಟುತ್ತಿದ್ದಳು. ಅದು ತಾಯಿಕಾಯಿ, ಬಳ್ಳಿಯಲ್ಲೇ ಹಣ್ಣಾಗಿ ಬೀಜ ಕೊಡಬೇಕಾದದ್ದು. ದಾರ ಕಂಡರೆ ಹಸಿದ ದನಗಾಹಿಯೂ ಕೈ ಹಿಂದೆಗೆಯುತ್ತಿದ್ದ ಎನ್ನುತ್ತಾರೆ. ಅರಸನಿಗೆ ಈ ಸವತೆಯ ರುಚಿ ಹತ್ತಿತು. ಹತ್ತಿದ್ದೇ ತಡ, ಸುತ್ತಲಿನ ಹತ್ತೂರಿನ ಸವತೆಗಳು ಮಾಲಗಟ್ಟಿಯವಾಗಿ ಅರಮನೆಗೆ ಹೊರಟವು. ಅಸಲಿಯ ಗುರುತು ಹುಡುಕಲು ಉಗ್ರಾಣದ ಅಧಿಕಾರಿ ಬಂದ. ದಾರ ಅವನ ಕಣ್ಣಿಗೆ ಬಿತ್ತು.

"ಇದು ಯಾಕಮ್ಮ?"

"ದಾರ ಇದ್ದದ್ದನ್ನ ಯಾರೂ ಹರಿಯಂಗಿಲ್ರಿ, ಯಪ್ಪಾ. ಬೀಜದ ಕಾಯಿ."

ಅಧಿಕಾರಿ ಜಾಣ. ಬೇರೆ ಯಾವ ಊರಿನಲ್ಲೂ ಇಂಥ ದಾರವಿಲ್ಲ ಎಂಬುದನ್ನಷ್ಟೇ ತಲೆಯಲ್ಲಿಟ್ಟುಕೊಂಡು ಹೋದ. ಮುಂದಿನ ಬೆಳೆಗೆ ಅಪ್ಪಣೆ ಬಂತು: ಮಾಲಗಟ್ಟಿಯ ಪ್ರತಿ ಕಾಯಿಗೂ ಕೆಂಪು ದಾರವಿರಬೇಕು, ದಾರವಿಲ್ಲದ್ದು ನಕಲಿ. ಊರು ಉದ್ಧಾರವಾಯಿತು. ಬೀಳುಬಿದ್ದ ಹೊಲಕ್ಕೆಲ್ಲ ಸವತೆ ಹಾಕಲು ಜನ ನಿಂಬೆವ್ವನ ಮನೆಯ ಬೀಜದ ಗಡಿಗೆಯನ್ನು ತಳ ಕಾಣುವಂತೆ ಬರಿದು ಮಾಡಿದರು. ಅವಳೂ ಸಂತೋಷದಿಂದಲೇ ಕೊಟ್ಟಳು. ತನ್ನ ಹೊಲದ ಒಂದು ಬಳ್ಳಿಯಲ್ಲಿ ಒಂದೇ ಒಂದು ತಾಯಿಕಾಯಿಯನ್ನು, ಎಲೆಯ ಮರೆಯಲ್ಲಿ, ಬಲಿಯಲು ಬಿಟ್ಟಿದ್ದಳು.

ಹಬ್ಬದ ಔತಣಕ್ಕೆ ಅರಮನೆಯವರು ಇನ್ನೂ ಒಂದು ಗಾಡಿ ಕೇಳಿದರು. ನಿಂಬೆವ್ವನ ಮಗ ದ್ಯಾವಪ್ಪ, ಸವತೆ ಸಾಗಿಸುವ ಕೆಲಸಕ್ಕೆ ಅರಮನೆ ಕೊಟ್ಟ ರುಮಾಲು ಸುತ್ತಿಕೊಂಡು, ಊರಿನ ಹೊಲಗಳನ್ನೆಲ್ಲ ಬಾಚಿ, ಅವಳು ನೀರಿಗೆ ಹೋಗಿದ್ದಾಗ ಅವಳ ಹೊಲವನ್ನೂ ಬಿಡದೆ, ಗಾಡಿ ತುಂಬಿ ಕಳಿಸಿದ. ಅವಳು ಮರಳಿ ಬಂದು ಬಳ್ಳಿ ತಡವಿದಳು.

"ತಮ್ಮಾ, ದಾರ ನೋಡಲಿಲ್ಲೇನೋ?"

"ನೋಡೇ ಹರದೀನವ್ವಾ," ಎಂದ ಅವನು, ಮುಖ ಅರಳಿಸಿ. "ದಾರ ಇತ್ತು. ಅಸಲಿ ಐತಿ ಅಂತನಽ ಹರದೆ."

ನಿಂಬೆವ್ವ ಕೊಡ ಇಳಿಸಲಿಲ್ಲ. ಅವಳ ಮುಖ ನೋಡಿದ ಮೇಲೆಯೇ ದ್ಯಾವಪ್ಪನಿಗೆ ತಾನು ಹರಿದದ್ದು ಏನೆಂದು ತಿಳಿದದ್ದು. ರುಮಾಲು ಬಿದ್ದಲ್ಲೇ ಬಿಟ್ಟು ಗಾಡಿಯ ಹಿಂದೆ ಎರಡು ದಿನ ಓಡಿದ. ಅರಮನೆಯಲ್ಲಿ ಹೇಳಿದರಂತೆ: ಒಂದು ಕಾಯಿ ತೀರ ಬಲಿತಿತ್ತು, ಅರಸರ ಎಲೆಗೆ ಯೋಗ್ಯವಲ್ಲವೆಂದು ಎಮ್ಮೆಗೆ ಹಾಕಿದೆವು.

ಬಿತ್ತನೆಯ ಹೊತ್ತಿಗೆ ಊರಿನವರು ಎಂದಿನಂತೆ ನಿಂಬೆವ್ವನ ಬಾಗಿಲಿಗೆ ಬಂದು ಸೆರಗು, ಶಲ್ಯ ಒಡ್ಡಿದರು. ಬೇರೆಯವರು ಬೀಜ ಉಳಿಸಿರುತ್ತಾರೆಂದು ಎಲ್ಲರೂ ನಂಬಿದ್ದರು. ಆ ಬೇರೆಯವರು ಎಂದರೆ ಅವಳೇ. ಅವಳು ಗಡಿಗೆಯನ್ನು ಮಗುಚಿ ತೋರಿಸಿದಳು. ಆಮೇಲೆ ದಿಬ್ಬ ಹತ್ತಿ, ಜಾಲಿಯ ಮುಳ್ಳಿಗೆ ದಾರ ಕಟ್ಟತೊಡಗಿದಳು. ಕರೆಯಲು ಬಂದ ದ್ಯಾವಪ್ಪನಿಗೆ, "ಮುಟ್ಟಬ್ಯಾಡಪ್ಪಾ, ಬಲೀಲಿ," ಎನ್ನುತ್ತಿದ್ದಳಂತೆ. ಅವಳ ಕೈ ನಿಂತ ದಿನದಿಂದ ಆ ದಾರಗಳನ್ನು ಬದಲಿಸಿದವನು ಅವನೇ ಎನ್ನುತ್ತಾರೆ. ಅಂದಿನಿಂದ ಅದು ದಾರದ ದಿಬ್ಬ.

ಈಗ ಬರುವವರು ಮಕ್ಕಳಾಗಲೆಂದು, ಪರೀಕ್ಷೆ ಪಾಸಾಗಲೆಂದು ಕೆಳಗಿನ ಅಂಗಡಿಯಲ್ಲಿ ದಾರ ಕೊಂಡು ಕಟ್ಟಿ, ಫಲಕದ ಸವತೆಯ ಜೊತೆ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಬಹಳ ಭಕ್ತಿಯ ಜನ. ದಾರ ಕಟ್ಟಿದ ಯಾವುದನ್ನೂ ಈಗ ಅಲ್ಲಿ ಯಾರೂ ಹರಿಯುವುದಿಲ್ಲ.