ಇಪ್ಪತ್ತಮೂರು ಕರೆ

ಹೊಸ ವರ್ಷದ ಐದು ದಿನಗಳ ಯೋಗ, ಧ್ಯಾನದ ಶಿಬಿರದೊಳಗೆ ಫೋನು ಒಯ್ಯುವಂತಿರಲಿಲ್ಲ. ಅದನ್ನು ಬಾಗಿಲಲ್ಲೇ ಈಸಿಕೊಳ್ಳುವ ಕೆಲಸ ಸಣ್ಣತಾಯಮ್ಮನದು. ಒಂದು ಫೋನು ಒಳಗೆ ಹೋದರೂ ಅವಳ ಕೆಲಸ ಹೋದಂತೆಯೇ.

ದೊಡ್ಡ ಅಧಿಕಾರಿ ವೃಷಭೇಂದ್ರಪ್ಪನವರು ಫೋನು ಕೊಡಲೊಪ್ಪಲಿಲ್ಲ.

"ನಾನು ಒಂದು ದಿನ ಸಿಗದಿದ್ದರೆ ಇಡೀ ಇಲಾಖೆ ನಿಂತುಹೋಗುತ್ತೆ. ಅಡ್ಡ ಬಂದರೆ ನಿನ್ನನ್ನೇ ಮನೆಗೆ ಕಳಿಸ್ತೀನಿ!"

ಬಿಟ್ಟರೂ ಕಷ್ಟ, ತಡೆದರೂ ಕಷ್ಟ. ಸಣ್ಣತಾಯಮ್ಮ ಕೈಮುಗಿದಳು.

"ಫೋನು ನನ್ನ ಹತ್ತಿರ ಇರಲಿ ಸಾರ್. ಇಲಾಖೆ ನಿಂತಿತು ಅಂತ ಕರೆ ಬಂದ ಕೂಡಲೇ ಓಡಿ ಬಂದು ಹೇಳ್ತೀನಿ."

ತಮಗೊಬ್ಬಳು ಕಾರ್ಯದರ್ಶಿ ಸಿಕ್ಕಂತಾಯಿತೆಂದು ಸಾಹೇಬರು ಫೋನು ಕೊಟ್ಟರು.

ದಿನವಿಡೀ ಅವರು ಕಣ್ಣು ಮುಚ್ಚಿ ಕೂತಿದ್ದರೂ ಕಿವಿ ಬಾಗಿಲಲ್ಲೇ ಇತ್ತು. ಅವಳು ಬರಲಿಲ್ಲ. ಸಂಜೆ ತಾವೇ ಎದ್ದು ಬಂದರು.

"ಕರೆಯೇ ಬರಲಿಲ್ಲವೇನಮ್ಮ?"

"ಇಪ್ಪತ್ತಮೂರು ಬಂದವು ಸಾರ್. ಎಲ್ಲರೂ ಹೊಸ ವರ್ಷದ ಶುಭಾಶಯ ಹೇಳಿದರು. ನಿಮಗೂ ಅಂತ ನಾನೇ ಹೇಳಿಬಿಟ್ಟೆ."

"ಕೆಲಸದ ವಿಚಾರ?"

"ಆಫೀಸಿನವರೊಬ್ಬರು, ಸಾಹೇಬರು ಯಾವಾಗ ಬರ್ತಾರೆ ಅಂತ ಕೇಳಿದರು."

ಅವರ ಮುಖ ಅರಳಿತು. "ಏನು ಹೇಳಿದೆ?"

"ಐದು ದಿನ ಆಗುತ್ತೆ ಅಂದೆ. ಆರಾಮಾಗಿ ಬರಲಿ, ಅವಸರವೇನಿಲ್ಲ ಅಂದರು."

ವೃಷಭೇಂದ್ರಪ್ಪನವರ ಉಸಿರು ನೀಳವಾಗಿ ಹೊರಬಂತು.

"ನಾಳೆ ಬೆಳಿಗ್ಗೆ ಯೋಗ ಎಷ್ಟು ಗಂಟೆಗಮ್ಮ?" ಎಂದರು.